ಬೇರೆಯವರ ಬಾಗಿಲ ಮುಂದೆ ನಮ್ಮ ಕಾರು

ಈ ಸಂಚಿಕೆಗೆ ಆರೋಗ್ಯದ ವಿಷಯವಾಗಿ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಬಳಗದ ಗೆಳೆಯರು ಕೇಳಿದಾಗ, ಚಳಿಗಾಲ ಮತ್ತು ಡಿ ಜೀವಸತ್ವದ ಕುರಿತು ಬರೆಯುವುದಾಗಿ ಒಪ್ಪಿಕೊಂಡಿದ್ದೆವು. ಕೂಟದ ಯುಗಾದಿ ಕಾರ್ಯಕ್ರಮದಲ್ಲಿ ಮೂಲೆಯ ಮೇಜೊಂದನ್ನು ಹಿಡಿದು ಹಿರಿಯರ ರಕ್ತದೊತ್ತಡ ನೋಡುವ ಸ್ವಯಂಸೇವಕ ವೈದ್ಯರಿಂದ ಓದುಗರು ನಿರೀಕ್ಷಿಸುವುದೂ ಅಂಥದನ್ನೇ. ಆದರೆ ಬರೆಯಲು ಕುಳಿತಾಗ ಬೇರೊಂದು ವಿಷಯ ಅಡ್ಡ ನಿಂತಿತು. ಅಡ್ಡ ನಿಲ್ಲುವುದೇ ಅದರ ಗುಣ. ಅದು ಒಂದು ಕಾರು, ನಮ್ಮದೇ ಕಾರು.

ಕಳೆದ ನವೆಂಬರಿನ ಒಂದು ಬುಧವಾರ ಸಂಜೆ, ಸ್ಟಾಕ್‌ಹೋಮಿನ ರೈಲು ಇಳಿದು, ಎಸ್ಕಿಲ್‌ಸ್ಟುನಾ ನಿಲ್ದಾಣದಿಂದ ಎಂಟು ನಿಮಿಷದ ನಡಿಗೆಯಷ್ಟು ದೂರದ ವಸತಿ ಬೀದಿಯೊಂದಕ್ಕೆ ಬಂದೆವು. ಬೆಳಗ್ಗೆ ಆರೂವರೆಗೆ ಅಲ್ಲಿ ಕಾರು ಬಿಟ್ಟು ಹೋಗಿದ್ದೆವು. ಮುಂದಿನ ಗಾಜಿನ ವೈಪರಿನ ಕೆಳಗೆ ಒಂದು ಕಾಗದವಿತ್ತು. ದಂಡದ ಚೀಟಿಯಿರಬೇಕೆಂದು ಎದೆ ಧಸಕ್ಕೆಂದಿತು. ಆದರೆ ದಂಡದ ಚೀಟಿ ಪ್ಲಾಸ್ಟಿಕ್ ಲಕೋಟೆಯಲ್ಲಿರುತ್ತದೆ, ಇದು ಗೆರೆ ಹಾಕಿದ ನೋಟ್‌ಪುಸ್ತಕದ ಹಾಳೆ. ಹಿಮದ ತೇವಕ್ಕೆ ಶಾಯಿ ಅಲ್ಲಲ್ಲಿ ಹರಡಿತ್ತು. ಬೀದಿದೀಪದ ಕೆಳಗೆ ಹಿಡಿದು ಓದಿದೆವು. ಸ್ವೀಡಿಷರು ಎಲ್ಲರಿಗೂ ಏಕವಚನವನ್ನೇ ಬಳಸುತ್ತಾರೆ. ಆದರೂ ಆ ಕೈಬರಹದ ನಡುಕವನ್ನು ಕಂಡಾಗ ನಮ್ಮ ಮನಸ್ಸಿನಲ್ಲಿ ಅದು ತಾನಾಗಿಯೇ ಬಹುವಚನದ ಕನ್ನಡವಾಯಿತು. ನೀವು ಇಲ್ಲಿ ನಿಲ್ಲಿಸುವುದು ತಪ್ಪೆಂದು ಹೇಳುತ್ತಿಲ್ಲ, ಸೋಮವಾರ, ಬುಧವಾರ, ಶುಕ್ರವಾರ ಬೆಳಗ್ಗೆ ಏಳು ಗಂಟೆಗೆ ನನ್ನನ್ನು ಕರೆದೊಯ್ಯಲು ಟ್ಯಾಕ್ಸಿ ಬರುತ್ತದೆ, ಬಾಗಿಲ ಎದುರು ಜಾಗವಿಲ್ಲದಿದ್ದರೆ ಅದು ಮುಂದೆ ತಿರುವಿನಲ್ಲಿ ನಿಲ್ಲುತ್ತದೆ, ಅಲ್ಲಿಯವರೆಗೆ ಮಂಜುಗಡ್ಡೆಯ ಮೇಲೆ ನಡೆಯಲು ನನಗೆ ಭಯ, ಸಾಧ್ಯವಾದರೆ ಹತ್ತು ಮೀಟರ್ ಮುಂದಕ್ಕೆ ನಿಲ್ಲಿಸುವಿರಾ? ಇದಿಷ್ಟೇ. ಹೆಸರಿಲ್ಲ, ಮೂರನೆಯ ಬಾಗಿಲು ಎಂದು ಮಾತ್ರ ಕೆಳಗಿತ್ತು.

ವಾರಕ್ಕೆ ಮೂರು ದಿನ, ದಿನ ಬಿಟ್ಟು ದಿನ, ಬೆಳಗಿನ ಒಂದೇ ಹೊತ್ತು, ರೋಗಿಗಳ ಟ್ಯಾಕ್ಸಿ. ವೈದ್ಯವೃತ್ತಿಯವರಿಗೆ ಇದಕ್ಕಿಂತ ಹೆಚ್ಚಿನ ವಿವರ ಬೇಕಾಗುವುದಿಲ್ಲ. ಅದು ಬಹುತೇಕ ಡಯಾಲಿಸಿಸ್ ವೇಳಾಪಟ್ಟಿಯೇ. ಮೂತ್ರಪಿಂಡ ಸೋತವರ ಮೂಳೆಗಳು ಹೇಗಿರುತ್ತವೆಂಬುದನ್ನೂ, ನಾಲ್ಕು ಗಂಟೆಗಳ ಡಯಾಲಿಸಿಸ್ ಮುಗಿಸಿ ಎದ್ದಾಗ ರಕ್ತದೊತ್ತಡ ಕುಸಿದು ಕಾಲು ತೂರಾಡುವುದನ್ನೂ ನಾವು ಬಲ್ಲೆವು. ಶುಕ್ರವಾರದಿಂದ ಸೋಮವಾರದವರೆಗಿನ ದೀರ್ಘ ಅಂತರವೇ ಇವರ ಪಾಲಿಗೆ ವಾರದ ಅತ್ಯಂತ ಅಪಾಯದ ಕಾಲವೆಂಬುದನ್ನೂ ಬಲ್ಲೆವು. ನಾವು ಸ್ಟಾಕ್‌ಹೋಮಿಗೆ ಹೋಗುತ್ತಿದ್ದುದು ಸೋಮವಾರ, ಬುಧವಾರ, ಶುಕ್ರವಾರಗಳಂದೇ. ಆಗಸ್ಟಿನಿಂದ ನಮ್ಮ ಕಾರು ಅಲ್ಲೇ ನಿಲ್ಲುತ್ತಿತ್ತು. ಅವರು ಹೊರಡುವಾಗಲೂ ಅದು ಅಲ್ಲಿತ್ತು, ಮಧ್ಯಾಹ್ನ ದಣಿದು ಮರಳುವಾಗಲೂ ಅಲ್ಲಿತ್ತು.

ಹಾಗೆಂದು ನಾವು ಯಾವ ನಿಯಮವನ್ನೂ ಮುರಿದಿರಲಿಲ್ಲ. ಈ ದೇಶಕ್ಕೆ ಹೊಸತಾಗಿ ಬಂದಾಗ ಪಾರ್ಕಿಂಗ್ ಫಲಕ ಓದುವುದನ್ನು ನಾವು ಒಂದು ಶಾಸ್ತ್ರದಂತೆ ಕಲಿತಿದ್ದೆವು. ಸುಮ್ಮನೆ ಬರೆದ ಗಂಟೆಗಳು ಕೆಲಸದ ದಿನಗಳಿಗೆ, ಕಂಸದೊಳಗಿನವು ಶನಿವಾರಕ್ಕೆ ಮತ್ತು ಹಬ್ಬದ ಹಿಂದಿನ ದಿನಕ್ಕೆ, ಕೆಂಪು ಅಂಕಿಗಳು ಭಾನುವಾರಕ್ಕೆ ಮತ್ತು ರಜೆಗೆ. ಕೂಡುರಸ್ತೆಯಿಂದ ಹತ್ತು ಮೀಟರಿನೊಳಗೆ ನಿಲ್ಲಿಸುವಂತಿಲ್ಲ. ಬೇರೆ ಸೂಚನೆಯಿಲ್ಲದ ಸಾರ್ವಜನಿಕ ರಸ್ತೆಯಲ್ಲಿ ಕೆಲಸದ ದಿನಗಳಂದು ಒಂದೇ ಜಾಗದಲ್ಲಿ ಇಪ್ಪತ್ತನಾಲ್ಕು ಗಂಟೆ ನಿಲ್ಲಬಹುದು. ನೀಲಿ ಬಣ್ಣದ ಪಿ-ಡಿಸ್ಕ್ ಕೇಳುವ ಕಡೆ ಬಂದ ಹೊತ್ತನ್ನು ಮುಂದಿನ ಅರ್ಧ ಗಂಟೆಗೆ ತಿರುಗಿಸಿ ಗಾಜಿನ ಬಳಿ ಇಡಬೇಕು. ದಿನಾಂಕದ ಪಾರ್ಕಿಂಗ್ ಇರುವ ಊರುಗಳಲ್ಲಿ ಸಮ ತಾರೀಕಿನಂದು ಸಮಸಂಖ್ಯೆಯ ಮನೆಗಳ ಬದಿಗೆ, ಬೆಸ ತಾರೀಕಿನಂದು ಬೆಸಸಂಖ್ಯೆಯ ಬದಿಗೆ ನಿಲ್ಲಿಸಬಾರದು. ಹಿಮ ಬಳಿಯುವ ಯಂತ್ರಕ್ಕೆ ದಿನಕ್ಕೊಂದು ಬದಿ ತೆರವಾಗಿರಲೆಂಬುದು ಅದರ ಉದ್ದೇಶ. (ಇದನ್ನು ಮೊದಲು ಕೇಳಿದಾಗ ನಮಗೆ ಬೆಂಗಳೂರೇ ನೆನಪಾಯಿತು. ಅಲ್ಲಿಯೂ ಅಂಗಡಿಬೀದಿಗಳಲ್ಲಿ ಸಮ ದಿನ, ಬೆಸ ದಿನದ ಫಲಕಗಳನ್ನು ನೋಡುತ್ತಲೇ ಬೆಳೆದವರು ನಾವು.) ನಾವು ಕಾರು ಬಿಡುತ್ತಿದ್ದ ಬೀದಿಯಲ್ಲಿ ಇಂಥ ಯಾವ ನಿರ್ಬಂಧವೂ ಇರಲಿಲ್ಲ. ಹಾಗಿದ್ದುದರಿಂದಲೇ ಅದನ್ನು ಆರಿಸಿಕೊಂಡಿದ್ದೆವು ಎಂಬುದನ್ನೂ ಮರೆಮಾಚಬಾರದು.

ನಮ್ಮ ಮನೆಯಿರುವುದು ಟೋರ್ಸ್‌ಹೆಲ್ಲಾದಲ್ಲಿ, ನಿಲ್ದಾಣದಿಂದ ಏಳೆಂಟು ಕಿಲೋಮೀಟರ್ ದೂರ. ಬಸ್ಸಿದೆ. ಬಸ್ಸು ಹಿಡಿದರೆ ಬೆಳಗಿನ ನಿದ್ದೆಯಲ್ಲಿ ಇಪ್ಪತ್ತು ನಿಮಿಷ ಕಡಿಮೆಯಾಗುತ್ತದೆ. ನಿಲ್ದಾಣದ ಬಳಿಯ ಶುಲ್ಕದ ಜಾಗದಲ್ಲಿ ನಿಲ್ಲಿಸಿದರೆ ತಿಂಗಳಿಗೆ ಒಂದಿಷ್ಟು ಕ್ರೋನ ಹೋಗುತ್ತದೆ. ಎರಡನ್ನೂ ಉಳಿಸಿಕೊಳ್ಳುವ ಉಪಾಯವೇ ಆ ಬೀದಿ. ಉಳಿತಾಯ ನಮ್ಮದು, ವೆಚ್ಚ ಮೂರನೆಯ ಬಾಗಿಲಿನವರದು.

ನಮ್ಮ ಓದುಗರಲ್ಲಿ ಎಸ್ಕಿಲ್‌ಸ್ಟುನಾವನ್ನು ನೋಡದವರಿಗಾಗಿ ಊರಿನ ಕುರಿತು ನಾಲ್ಕು ಮಾತು. ಇದು ಕಮ್ಮಾರರ ಊರು. ಹದಿನೇಳನೆಯ ಶತಮಾನದ ರಾಡೆಮಾಕರ್ ಕುಲುಮೆಗಳು ಈಗಲೂ ಊರ ನಡುವೆ ಕೆಂಪು ಬಣ್ಣ ಬಳಿದುಕೊಂಡು ನಿಂತಿವೆ. ಚಾಕು, ಕತ್ತರಿ, ಬೀಗ, ಆಮೇಲೆ ಭಾರೀ ಯಂತ್ರಗಳು, ಹೀಗೆ ದುಡಿದ ಊರು. ಇಲ್ಲಿನವರು ಇಲ್ಲಿಯೇ ದುಡಿಯುತ್ತಿದ್ದ ಕಾಲವದು. 1997ರಲ್ಲಿ ಸ್ವೆಯಾಲಾಂಡ್ ರೈಲುಮಾರ್ಗ ಹೊಸದಾಗಿ ತೆರೆದ ಮೇಲೆ ಸ್ಟಾಕ್‌ಹೋಮ್ ಒಂದು ಗಂಟೆಯ ಆಸುಪಾಸಿಗೆ ಬಂದಿತು. ರೈಲಿನಲ್ಲಿ ಹೋಗಿಬರುವವರು ಹಲವು ಪಟ್ಟು ಹೆಚ್ಚಿದರು. ರಾಜಧಾನಿಯ ಬಾಡಿಗೆ ತೆರಲಾರದ ನಮ್ಮಂಥ ಕುಟುಂಬಗಳಿಗೆ ಇಲ್ಲೊಂದು ಮನೆ, ಅಂಗಳದಲ್ಲಿ ಸೇಬಿನ ಮರ, ಮಕ್ಕಳಿಗೆ ಶಾಲೆ ದಕ್ಕಿದ್ದು ಆ ಹಳಿಗಳಿಂದಾಗಿ. ಕಾರಿನಲ್ಲಿಯೇ ರಾಜಧಾನಿಯವರೆಗೆ ಹೋಗೋಣವೆಂದರೆ 2007ರಿಂದ ಕಾಯಂ ಆಗಿರುವ ದಟ್ಟಣೆ ತೆರಿಗೆ ಕಾಯುತ್ತಿರುತ್ತದೆ. ಆದ್ದರಿಂದ ಎಲ್ಲರೂ ರೈಲು ಹತ್ತುತ್ತಾರೆ. ಒಳ್ಳೆಯದೇ. ರೈಲು ಊರಿನ ಹೊಗೆಯನ್ನು ಕಡಿಮೆ ಮಾಡುತ್ತದೆ, ಆದರೆ ರೈಲಿನವರೆಗೆ ಬಂದ ಕಾರನ್ನು ಅದು ತನ್ನೊಡನೆ ಒಯ್ಯುವುದಿಲ್ಲ. ಅದು ಯಾರದೋ ಕಿಟಕಿಯ ಕೆಳಗೆ ಹತ್ತು ಹನ್ನೊಂದು ಗಂಟೆಗಳ ಕಾಲ ಮಲಗಿರುತ್ತದೆ.

ಆ ಚೀಟಿಯನ್ನು ಮನೆಗೆ ತಂದು ಅಡುಗೆಮನೆಯ ಮೇಜಿನ ಮೇಲೆ ಹರವಿದೆವು. ಊಟವಾದ ಮೇಲೆ ಎಂದಿನಂತೆ ಬೆಂಗಳೂರಿಗೆ ಫೋನು ಮಾಡುವುದಿತ್ತು. ಮಾಡಲಿಲ್ಲ. ಅಲ್ಲಿ ಆಗಲೇ ನಡುರಾತ್ರಿಯಾಗಿದೆ ಎಂದು ನಮಗೆ ನಾವೇ ಹೇಳಿಕೊಂಡೆವು. ನಿಜವಾದ ಕಾರಣ ಬೇರೆಯಿತ್ತು.

ನಮ್ಮ ತಂದೆಯವರ ಮನೆ ಜಯನಗರದಲ್ಲಿ, ಮೆಟ್ರೋ ನಿಲ್ದಾಣದಿಂದ ಎರಡು ಅಡ್ಡರಸ್ತೆಗಳಾಚೆ. 1948ರಲ್ಲಿ ಯೋಜಿಸಿ ಕಟ್ಟತೊಡಗಿದ ಬಡಾವಣೆ. ಅಗಲವಾದ ರಸ್ತೆಗಳು, ಮರಗಳು, ಮನೆಗೊಂದು ಕಾಂಪೌಂಡು, ಕಾಂಪೌಂಡಿನ ಹೊರಗೆ ಮುಂಜಾನೆ ರಂಗೋಲಿ ಹಾಕುವಷ್ಟು ಸಾರಿಸಿದ ನೆಲ. 2017ರ ಜೂನಿನಲ್ಲಿ ಹಸಿರು ಮಾರ್ಗದ ಮೆಟ್ರೋ ಜಯನಗರವನ್ನು ಹಾದು ಯಲಚೇನಹಳ್ಳಿಯವರೆಗೆ ಹೋದಾಗ ಬಡಾವಣೆಯ ಹಿರಿಯರೆಲ್ಲ ಸಂಭ್ರಮಿಸಿದರು. ತಂದೆಯವರು ಮೊದಲ ವಾರವೇ ಹತ್ತಿ, ನ್ಯಾಷನಲ್ ಕಾಲೇಜಿನಲ್ಲಿ ಇಳಿದು, ಗಾಂಧಿ ಬಜಾರಿನಲ್ಲಿ ಕಾಫಿ ಕುಡಿದು ಬಂದುದನ್ನು ನಮಗೆ ಫೋನಿನಲ್ಲಿ ವರ್ಣಿಸಿದ್ದರು. ಒಂದು ತಿಂಗಳು ಕಳೆಯುವಷ್ಟರಲ್ಲಿ ವರ್ಣನೆಯ ಧಾಟಿ ಬದಲಾಯಿತು. ಬೆಳಗ್ಗೆ ಎಂಟಕ್ಕೆ ಯಾರಾರೋ ಬಂದು ಬೀದಿಯಲ್ಲಿ ಕಾರು, ಸ್ಕೂಟರು ಬಿಟ್ಟು ನಿಲ್ದಾಣದತ್ತ ಓಡುತ್ತಾರೆ. ಸಂಜೆ ಏಳಕ್ಕೆ ಬಂದು ಒಯ್ಯುತ್ತಾರೆ. ಗೇಟಿಗೆ ಅಡ್ಡವಾದರೂ ಕೇಳುವವರಿಲ್ಲ. ಪ್ರವೇಶದ್ವಾರಕ್ಕೆ ಅಡ್ಡಲಾಗಿ ವಾಹನ ನಿಲ್ಲಿಸಬಾರದೆಂದು 1989ರ ರಸ್ತೆ ನಿಯಮಗಳಲ್ಲಿಯೇ ಬರೆದಿತ್ತು. ಬರೆದದ್ದನ್ನು ಬೆಳಗಿನ ಎಂಟು ಗಂಟೆಗೆ ಓದುವವರಾರು?

ಬೀದಿಯವರು ತಮತಮಗೆ ತೋಚಿದ ಉಪಾಯ ಮಾಡಿದರು. ಎದುರುಮನೆಯವರು "ಇಲ್ಲಿ ನಿಲ್ಲಿಸಿದರೆ ಗಾಳಿ ಬಿಡಲಾಗುವುದು" ಎಂಬ ತಗಡಿನ ಫಲಕ ನೇತುಹಾಕಿದರು. ಪಕ್ಕದವರು ಸೈಜುಗಲ್ಲುಗಳಿಗೆ ಸುಣ್ಣ ಬಳಿದು ರಸ್ತೆಯಂಚಿನಲ್ಲಿ ಸಾಲಾಗಿ ಇಟ್ಟರು. ತಂದೆಯವರು ಎರಡು ದೊಡ್ಡ ಕುಂಡಗಳಲ್ಲಿ ದಾಸವಾಳ ನೆಟ್ಟು ಗೇಟಿನ ಇಕ್ಕೆಲದಲ್ಲಿ, ರಸ್ತೆಯ ಮೇಲೆಯೇ, ಇಡಿಸಿದರು. ಅದೂ ಕಾನೂನಿಗೆ ವಿರುದ್ಧವೇ. ರಸ್ತೆ ಅವರದಲ್ಲ. ನಾವದನ್ನು ಹೇಳಿದಾಗ ಅವರು ನಕ್ಕು, "ಗೊತ್ತಪ್ಪಾ. ಕಾರಿಗೆ ಚಕ್ರ ಇದೆ, ಕುಂಡಕ್ಕಿಲ್ಲ, ಅಷ್ಟೇ ವ್ಯತ್ಯಾಸ" ಎಂದರು.

2019ರ ಮಳೆಗಾಲದ ಒಂದು ಬೆಳಗ್ಗೆ ಅವರು ಬಚ್ಚಲಲ್ಲಿ ಜಾರಿದರು. ತೊಡೆಯ ಮೂಳೆಯ ಕುತ್ತಿಗೆ ಮುರಿದಿತ್ತು. ನೆರೆಯವರು ಆಂಬುಲೆನ್ಸ್ ಕರೆಸಿದರು. ಅದೂ ಬೇಗನೆಯೇ ಬಂದಿತು. ಆದರೆ ಬೀದಿಯ ಎರಡೂ ಬದಿ ತುಂಬಿದ್ದರಿಂದ ಒಳಗೆ ತಿರುಗಲಾರದೆ ಮೂಲೆಯಲ್ಲಿ ನಿಂತಿತು. ಗೇಟಿಗೆ ಅಡ್ಡವಾಗಿ ಒಂದು ಬಿಳಿ ಕಾರು. ಸ್ಟ್ರೆಚರು ಗೇಟಿನಿಂದ ಹೊರಬರುವಂತಿಲ್ಲ. ಕಾರಿನ ಮೇಲೆ ಯಾರ ನಂಬರೂ ಇಲ್ಲ. ಹಾರ್ನ್ ಹೊಡೆದರು, ಅಕ್ಕಪಕ್ಕ ಕೂಗಿದರು. ಅದರ ಯಜಮಾನರು ಆ ಹೊತ್ತಿಗೆ ಮೆಜೆಸ್ಟಿಕ್ಕಿನಲ್ಲಿಯೋ ಪೀಣ್ಯದಲ್ಲಿಯೋ ಇದ್ದಿರಬೇಕು. ಕೊನೆಗೆ ಬೀದಿಯ ನಾಲ್ವರು ಹುಡುಗರು ತಂದೆಯವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಗೋಡೆಗೂ ಕಾರಿಗೂ ನಡುವಿನ ಒಂದೂವರೆ ಅಡಿಯ ಸಂದಿಯಲ್ಲಿ ಓರೆಯಾಗಿ ತೂರಿಸಿ, ಮೂಲೆಯವರೆಗೆ ಹೊತ್ತರು. ಮುರಿದ ಸೊಂಟದವರನ್ನು ಕುರ್ಚಿಯಲ್ಲಿ ಕೂರಿಸಬಾರದೆಂದು ನಾವು ಇಲ್ಲಿಂದ ಫೋನಿನಲ್ಲಿ ಕೂಗುತ್ತಿದ್ದೆವು. ಅಲ್ಲಿ ಫೋನು ಯಾರ ಕೈಯಲ್ಲಿತ್ತೋ, ಅವರು "ಆಯ್ತು ಡಾಕ್ಟ್ರೇ, ಆಯ್ತು" ಎನ್ನುತ್ತಲೇ ಇದ್ದರು. ಅಪ್ಪ ನರಳುವುದು ಕೇಳಿಸುತ್ತಿತ್ತು.

ಆ ಇಪ್ಪತ್ತು ನಿಮಿಷದ ತಡದಿಂದ ಫಲಿತಾಂಶ ಬದಲಾಯಿತೆಂದು ವೈದ್ಯರಾಗಿ ನಾವು ಹೇಳಲಾರೆವು. ಇಂಥ ಮುರಿತಕ್ಕೆ ಒಂದೆರಡು ದಿನಗಳೊಳಗೆ ಶಸ್ತ್ರಚಿಕಿತ್ಸೆಯಾಗಬೇಕು. ಮರುದಿನವೇ ಆಯಿತು, ಚೆನ್ನಾಗಿಯೇ ಆಯಿತು. ಇಂದು ಅವರು ವಾಕರ್ ಹಿಡಿದು ಗೇಟಿನವರೆಗೆ ನಡೆಯುತ್ತಾರೆ. ಆದರೆ ಆ ಬಿಳಿ ಕಾರಿನವರನ್ನು ನಾವು ಕ್ಷಮಿಸಿರಲಿಲ್ಲ. ಮುಖವೇ ಕಾಣದ ಆ ಮನುಷ್ಯನೊಡನೆ ಎಷ್ಟೋ ರಾತ್ರಿ ಮನಸ್ಸಿನೊಳಗೆ ಜಗಳವಾಡಿದ್ದೆವು. ಸಂಸ್ಕಾರವಿಲ್ಲದವರೆಂದು, ಹೃದಯವಿಲ್ಲದವರೆಂದು, ನಮ್ಮ ದೇಶ ಉದ್ಧಾರವಾಗುವುದಿಲ್ಲವೆಂದು. ಈ ಕೂಟದ ಊಟದ ಸಾಲಿನಲ್ಲಿ ನಿಂತು, ಸ್ವೀಡನ್ನಿನ ಶಿಸ್ತನ್ನು ಹೊಗಳಿ ಈ ಕಥೆಯನ್ನು ಹೇಳಿದ್ದೂ ಉಂಟು. ಕೇಳಿಸಿಕೊಂಡವರು ಇದನ್ನು ಓದುತ್ತಿರಬಹುದು.

ಆದ್ದರಿಂದ ಆ ಬುಧವಾರ ರಾತ್ರಿ ಜಯನಗರಕ್ಕೆ ಫೋನು ಮಾಡಲು ಕೈ ಬರಲಿಲ್ಲ. ನಮ್ಮ ಕಾರಿನ ಬಣ್ಣವೂ ಬಿಳಿಯೇ.

ಮರುದಿನ ನಮಗೆ ತೋಚಿದ್ದು ಎಲ್ಲರಿಗೂ ತೋಚುವುದೇ. ಕ್ಷಮೆ ಕೇಳುವ ನಾಲ್ಕು ಸಾಲು ಬರೆದು ಮೂರನೆಯ ಬಾಗಿಲಿಗೆ ಅಂಟಿಸಿದೆವು, ಇನ್ನು ಮುಂದೆ ಅಲ್ಲಿ ನಿಲ್ಲಿಸುವುದಿಲ್ಲವೆಂದು ಮಾತು ಕೊಟ್ಟೆವು, ಶುಕ್ರವಾರದಿಂದ ಬಸ್ಸು ಹಿಡಿದೆವು. ಮನಸ್ಸು ಹಗುರವಾಯಿತು. ಈ ಬರಹ ಇಲ್ಲಿಗೇ ಮುಗಿದಿದ್ದರೆ ನಮ್ಮ ಸಜ್ಜನಿಕೆಗೆ ಒಂದು ಪ್ರಶಸ್ತಿಪತ್ರದಂತಿರುತ್ತಿತ್ತು.

ಎರಡು ವಾರಗಳ ಬಳಿಕ ಕೆಲಸಕ್ಕೆ ರಜೆಯಿದ್ದ ಒಂದು ಸೋಮವಾರ, ಬೇರೇನೋ ಕೆಲಸಕ್ಕೆಂದು ಬೆಳಗ್ಗೆ ಅದೇ ಬೀದಿಯಲ್ಲಿ ನಡೆದು ಹೋಗುತ್ತಿದ್ದೆವು. ಟ್ಯಾಕ್ಸಿ ತಿರುವಿನಲ್ಲಿ ದೀಪ ಮಿನುಗಿಸುತ್ತ ನಿಂತಿತ್ತು. ಕಡುನೀಲಿ ಕೋಟಿನ ವೃದ್ಧೆಯೊಬ್ಬರು ಚಾಲಕರ ತೋಳು ಹಿಡಿದು, ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು, ಕಾರುಗಳ ಸಾಲಿನ ಪಕ್ಕ ಮಂಜುಗಡ್ಡೆಯ ಮೇಲೆ ಬರುತ್ತಿದ್ದರು. ಮೂರನೆಯ ಬಾಗಿಲ ಎದುರು, ನಾವು ತೆರವು ಮಾಡಿದ್ದ ಅದೇ ಜಾಗದಲ್ಲಿ, ಬೂದುಬಣ್ಣದ ಇನ್ನೊಂದು ಕಾರು ನಿಂತಿತ್ತು. ನಾವು ಹತ್ತಿರ ಹೋಗಿ ಇನ್ನೊಂದು ತೋಳು ಹಿಡಿದೆವು. ನಾವು ಯಾರೆಂದು ಹೇಳಿದೆವು. ಅವರಿಗೆ ನೆನಪಿತ್ತು. ನಕ್ಕರು. ನೀವು ಹೋದ ದಿನವೇ ಇವರು ಬಂದರು, ಇವರಿಗೂ ಬರೆಯಬೇಕು, ಆದರೆ ಕೈ ನೋಯುತ್ತದೆ ಎಂದರು.

ನಮ್ಮ ಅಷ್ಟೂ ಪಶ್ಚಾತ್ತಾಪದಿಂದ ಆದ ಲಾಭ ಬೂದುಬಣ್ಣದ ಕಾರಿನವರಿಗೆ. ಅವರೂ ಕೆಟ್ಟವರಲ್ಲ, ಅವರಿಗೂ ಆರು ನಲವತ್ತರ ರೈಲಿದೆ, ಡೇಕೇರಿಗೆ ಬಿಟ್ಟುಬರಬೇಕಾದ ಮಗುವಿರಬಹುದು. ಚೀಟಿ ಬರೆದು ಬರೆದು ಒಬ್ಬೊಬ್ಬರನ್ನೇ ತಿದ್ದುತ್ತ ಹೋದರೆ ಆ ಅಜ್ಜಿಗೆ ಆಯುಷ್ಯ ಸಾಲದು. ಒಂದು ಖಾಲಿ ಜಾಗ, ಅದೂ ಪುಕ್ಕಟೆಯ ಜಾಗ, ನಿಲ್ದಾಣದ ಹತ್ತಿರವಿದ್ದರೆ ಅದು ಖಾಲಿ ಉಳಿಯುವುದಿಲ್ಲ. ಇದು ಶೀಲದ ಪ್ರಶ್ನೆಯೆಂದು ಆರು ವರ್ಷ ನಂಬಿದ್ದೆವು. ಆ ಬಿಳಿ ಕಾರಿನವರು ಅಂದು ಬರದಿದ್ದರೆ ಅಪ್ಪನ ಗೇಟಿಗೆ ಬೇರೊಂದು ಕಾರು ಅಡ್ಡ ನಿಂತಿರುತ್ತಿತ್ತು ಎಂಬುದು ಆ ಸೋಮವಾರ ಹೊಳೆಯಿತು.

ಆಮೇಲೆ ಒಂದಿಷ್ಟು ಓದಿದೆವು. ಈ ವ್ಯಾಜ್ಯ ಹಳೆಯದು. ಅಮೆರಿಕದ ವರ್ಜೀನಿಯ ರಾಜ್ಯದ ಆರ್ಲಿಂಗ್ಟನ್ ಕೌಂಟಿಯಲ್ಲಿ, ವಾಷಿಂಗ್ಟನ್ನಿಗೆ ನದಿಯಾಚೆ, ಕ್ರಿಸ್ಟಲ್ ಸಿಟಿ ಎಂಬ ಕಚೇರಿಗಳ ದೊಡ್ಡ ಸಮುಚ್ಚಯ ಎದ್ದಿತು. ಅಲ್ಲಿ ಕೆಲಸಕ್ಕೆ ಬರುವವರು ಪಕ್ಕದ ಅರೋರಾ ಹೈಲ್ಯಾಂಡ್ಸ್ ಬಡಾವಣೆಯ ಬೀದಿಗಳಲ್ಲಿ ಕಾರು ಬಿಡತೊಡಗಿದರು. 1970ರ ದಶಕದಲ್ಲಿ ಕೌಂಟಿಯವರು ಒಂದು ನಿಯಮ ತಂದರು: ಕೆಲಸದ ದಿನಗಳ ಹಗಲು ಹೊತ್ತಿನಲ್ಲಿ ಆ ಬೀದಿಗಳಲ್ಲಿ ಪರವಾನಗಿ ಇದ್ದವರು ಮಾತ್ರ ನಿಲ್ಲಿಸಬಹುದು, ನಿವಾಸಿಗಳಿಗೆ, ಅವರ ಮನೆಗೆ ಕೆಲಸಕ್ಕೆ ಬರುವವರಿಗೆ, ಕೆಲವು ಅತಿಥಿಗಳಿಗೆ ಪರವಾನಗಿ ಉಚಿತ. ದಿನವೂ ಅಲ್ಲಿ ನಿಲ್ಲಿಸುತ್ತಿದ್ದವರು ನ್ಯಾಯಾಲಯಕ್ಕೆ ಹೋದರು. ರಸ್ತೆ ಎಲ್ಲರದು, ಅಲ್ಲಿ ವಾಸಿಸುವವರಿಗೊಂದು ಹೊರಗಿನವರಿಗೊಂದು ಎಂದು ಭೇದ ಮಾಡುವುದು ಸಮಾನತೆಗೆ ವಿರುದ್ಧ ಎಂಬುದು ಅವರ ವಾದ. ರಾಜ್ಯದ ಸರ್ವೋಚ್ಚ ನ್ಯಾಯಾಲಯ ಅದನ್ನು ಒಪ್ಪಿತು. 1977ರಲ್ಲಿ ದೇಶದ ಸುಪ್ರೀಂ ಕೋರ್ಟು ಆ ತೀರ್ಪನ್ನು ತಿರುವಿಹಾಕಿತು: ವಸತಿ ಪ್ರದೇಶದ ಗದ್ದಲ, ಹೊಗೆ, ಸಂಚಾರವನ್ನು ತಗ್ಗಿಸುವುದು ಸರ್ಕಾರಕ್ಕೆ ಯೋಗ್ಯವಾದ ಉದ್ದೇಶವೇ, ಆ ಉದ್ದೇಶಕ್ಕಾಗಿ ನಿವಾಸಿ ಮತ್ತು ಹೊರಗಿನವರ ನಡುವೆ ವ್ಯತ್ಯಾಸ ಮಾಡುವುದು ಅನ್ಯಾಯವಲ್ಲ ಎಂದಿತು.

ನಮಗೆ ಸೋತವರ ವಾದವೂ ಪೂರ್ತಿ ತಪ್ಪೆನಿಸಲಿಲ್ಲ. ನಿವಾಸಿಗಳಿಗೆ ಬೀದಿಯನ್ನು ಬರೆದುಕೊಟ್ಟರೆ ಅದು ತಗಡಿನ ಫಲಕಕ್ಕೆ ಸರ್ಕಾರದ ಮೊಹರು ಒತ್ತಿದಂತೆಯೇ. ಸ್ವೀಡನ್ನಿನ ಕಾನೂನು ಈ ತೂಕವನ್ನು ಹೆಚ್ಚು ಎಚ್ಚರದಿಂದ ಹಿಡಿದಂತೆ ತೋರುತ್ತದೆ. 1957ರ ಒಂದು ಕಾನೂನಿನ ಪ್ರಕಾರ ಪುರಸಭೆಯು ಸಾರ್ವಜನಿಕ ಜಾಗದ ಪಾರ್ಕಿಂಗಿಗೆ ಶುಲ್ಕ ಪಡೆಯಬಹುದು, ಆದರೆ ಸಂಚಾರವನ್ನು ಕ್ರಮಪಡಿಸಲು ಬೇಕಾದಷ್ಟು ಮಾತ್ರ. ಬೊಕ್ಕಸ ತುಂಬಿಸಿಕೊಳ್ಳಲು ಅಲ್ಲ. ಒಂದು ಪ್ರದೇಶದ ನಿವಾಸಿಗಳಿಗೂ, ಅಲ್ಲಿ ವ್ಯಾಪಾರ ಮಾಡುವವರಿಗೂ, ಅಲ್ಲಿ ನಿಲ್ಲಿಸಲೇಬೇಕಾದ ಅಗತ್ಯವಿರುವ ಇತರರಿಗೂ ಬೇರೆ ದರ ಇಡಬಹುದು. ಆ ಮೂರನೆಯ ಗುಂಪು ನಮ್ಮ ಕಣ್ಣಿಗೆ ಬಿತ್ತು. ಮನೆಮನೆಗೆ ಹೋಗುವ ದಾದಿಯೂ ಅಲ್ಲಿ ಸೇರಬಹುದಲ್ಲ! ಕ್ಯಾಲಿಫೋರ್ನಿಯದ ಪ್ರಾಧ್ಯಾಪಕ ಡೊನಾಲ್ಡ್ ಶೂಪ್ ಅವರ ದಾರಿ ಇದಕ್ಕೆ ವಿರುದ್ಧ. ಕಾರೊಂದು ತನ್ನ ಆಯುಷ್ಯದ ನೂರಕ್ಕೆ ತೊಂಬತ್ತೈದು ಪಾಲು ನಿಂತೇ ಕಳೆಯುತ್ತದೆಂದು ಲೆಕ್ಕ ತೋರಿಸಿ, ಪುಕ್ಕಟೆ ಪಾರ್ಕಿಂಗಿನ ದುಬಾರಿ ಬೆಲೆಯ ಕುರಿತು 2005ರಲ್ಲಿ ದಪ್ಪ ಗ್ರಂಥವನ್ನೇ ಬರೆದವರು ಅವರು. ಬೀದಿಯಲ್ಲಿ ನಿಲ್ಲಿಸಲು ತಕ್ಕ ಬೆಲೆ ಇಡಿ, ಬಂದ ಹಣವನ್ನು ಅದೇ ಬೀದಿಯ ಫುಟ್‌ಪಾತಿಗೂ ದೀಪಕ್ಕೂ ಮರಕ್ಕೂ ಖರ್ಚು ಮಾಡಿ, ಆಗ ಹೊರಗಿನವರ ಕಾರನ್ನು ಕಂಡು ನಿವಾಸಿಗಳು ಸಿಡುಕುವುದಿಲ್ಲ ಎಂಬುದು ಅವರ ಸಲಹೆಯ ಸಾರ. ಜಯನಗರಕ್ಕೆ ಈ ದಾರಿಯೇ ಹೊಂದೀತೆಂದು ನಮ್ಮ ಅನಿಸಿಕೆ. ಇಲ್ಲಿನ ಬೀದಿಯನ್ನು ಪುರಸಭೆ ಹೇಗೂ ಗುಡಿಸುತ್ತದೆ, ಹಿಮ ಬಳಿಯುತ್ತದೆ; ಅಲ್ಲಿನ ಫುಟ್‌ಪಾತಿನ ಕಲ್ಲು ಅಲುಗಾಡುತ್ತಿರುತ್ತದೆ.

ಬೆಂಗಳೂರಿನವರು ಇದನ್ನೆಲ್ಲ ಯೋಚಿಸಿಲ್ಲವೆಂದಲ್ಲ. ನಗರ ಭೂ ಸಾರಿಗೆ ನಿರ್ದೇಶನಾಲಯ ಸಿದ್ಧಪಡಿಸಿ 2021ರ ಆರಂಭದಲ್ಲಿ ಪ್ರಕಟವಾದ ಪಾರ್ಕಿಂಗ್ ನೀತಿ 2.0ರಲ್ಲಿ ವಸತಿ ಬೀದಿಗಳಿಗೆ ಪರವಾನಗಿ ಪದ್ಧತಿಯ ಪ್ರಸ್ತಾಪವಿದೆ. ಸಣ್ಣ ಕಾರಿಗೆ ವರ್ಷಕ್ಕೆ 1,000 ರೂಪಾಯಿಯಿಂದ ದೊಡ್ಡ ಎಸ್‌ಯುವಿಗೆ 5,000 ರೂಪಾಯಿಯವರೆಗೆ ಶುಲ್ಕ. ಅದನ್ನು ಓದಿಹೇಳಿದಾಗ ತಂದೆಯವರು ಕೇಳಿದ್ದು ಒಂದೇ ಪ್ರಶ್ನೆ: "ನನ್ನ ಮನೆ ಮುಂದೆ ನಿಲ್ಲಿಸೋಕೆ ನಾನ್ಯಾಕೆ ದುಡ್ಡು ಕೊಡಲಿ?" ನಿಮ್ಮ ಮನೆಯ ಮುಂದಿನದು ನಿಮ್ಮದಲ್ಲವಲ್ಲ ಅಪ್ಪ, ಎಂದೆವು. ಬಹಳ ಹೊತ್ತು ಸುಮ್ಮನಿದ್ದರು. ಅವರ ಬೀದಿಗೆ ಆ ಪರವಾನಗಿ ಇನ್ನೂ ಬಂದಿಲ್ಲ. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ಸಮೀಪದ ಆರ್.ವಿ. ರಸ್ತೆ ನಿಲ್ದಾಣಕ್ಕೆ ಬಂದು ಕೂಡಿಕೊಂಡಿದೆ. ಕುಂಡಗಳು ಈಗ ನಾಲ್ಕಾಗಿವೆ.

ಮೂರನೆಯ ಬಾಗಿಲಿಗೆ ಮರಳೋಣ. ಬೀದಿಗೆಲ್ಲ ಪರವಾನಗಿ ಬೇಕು, ಎರಡು ಗಂಟೆಯ ಮಿತಿ ಬೇಕು ಎಂದೆಲ್ಲ ನಾವು ಉತ್ಸಾಹದಿಂದ ಹೇಳಿದಾಗ ಆ ಅಜ್ಜಿ ತಲೆಯಾಡಿಸಿ, ತಮಗೆ ಅಷ್ಟೆಲ್ಲ ಬೇಡವೆಂದರು. ಇಡೀ ಬೀದಿಯನ್ನು ಮುಚ್ಚಿದರೆ ನಿಮ್ಮ ಕಾರುಗಳು ಪಕ್ಕದ ಬೀದಿಗೆ ಹೋಗುತ್ತವೆ, ಅಲ್ಲಿಯೂ ನನ್ನಂಥವರೊಬ್ಬರು ಇರುತ್ತಾರೆ ಎಂದರು. ಅವರಿಗೆ ಬೇಕಾಗಿದ್ದುದು ತಮ್ಮ ಬಾಗಿಲ ಎದುರು ಎಂಟು ಮೀಟರ್, ಒಂದೇ ಒಂದು ಕಂಬ. ನೀಲಿ ವೃತ್ತದ ಮೇಲೆ ಒಂದೇ ಕೆಂಪು ಅಡ್ಡಗೆರೆಯ ಫಲಕವಿದ್ದರೆ ಅಲ್ಲಿ ಕಾರು ಬಿಟ್ಟು ಹೋಗುವಂತಿಲ್ಲ, ಆದರೆ ಜನರನ್ನು ಹತ್ತಿಸಲು ಇಳಿಸಲು ನಿಲ್ಲಬಹುದು. ಎರಡು ಗೆರೆಗಳು ಅಡ್ಡಹಾಯ್ದಿದ್ದರೆ ನಿಲ್ಲುವಂತೆಯೇ ಇಲ್ಲ. ಆ ಒಂದು ಗೆರೆ ಎರಡು ಗೆರೆಯ ವ್ಯತ್ಯಾಸವನ್ನು ನಾವು ಚಾಲನಾ ಪರೀಕ್ಷೆಗಾಗಿ ಉರುಹೊಡೆದಿದ್ದೆವು. ಅದು ಯಾರ ಸಲುವಾಗಿ ಇದೆಯೆಂದು ಯೋಚಿಸಿರಲಿಲ್ಲ.

ಅವರ ಪರವಾಗಿ ಮನವಿಯನ್ನು ನಾವು ಟೈಪು ಮಾಡಿಕೊಟ್ಟೆವು. ಕೈ ನೋಯುತ್ತದೆಂದಿದ್ದರಲ್ಲ. ಡಯಾಲಿಸಿಸ್ ಎಂಬ ಪದವನ್ನು ಹಾಕಿದರೆ ಪುರಸಭೆಯವರ ಮನಸ್ಸು ಬೇಗ ಕರಗೀತೆಂದು ಸೂಚಿಸಿದಾಗ ಅವರು ಒಪ್ಪಲಿಲ್ಲ. ಇದೇ ಮೆಟ್ಟಿಲಲ್ಲಿ ಇನ್ನೂ ನಾಲ್ವರು ಎಂಬತ್ತು ದಾಟಿದವರಿದ್ದಾರೆ, ಮೇಲಿನ ಮಹಡಿಯಲ್ಲಿ ಅವಳಿ ಮಕ್ಕಳ ತಾಯಿಯಿದ್ದಾಳೆ, ಬಾಗಿಲು ಎಲ್ಲರದು ಎಂದು ಬರೆಯಿಸಿದರು. ಸಹಿ ಹಾಕಿದವರಲ್ಲಿ ಬೂದುಬಣ್ಣದ ಕಾರಿನವರೂ ಇದ್ದರು. ಅವರಿಗೂ ಚೀಟಿ ಸಿಕ್ಕಿತ್ತು, ನಮ್ಮ ಅಕ್ಷರದಲ್ಲಿ. ಸಹಿ ಹಾಕಿದ ಮೇಲೂ ಕೆಲವು ದಿನ ಅಲ್ಲಿಯೇ ನಿಲ್ಲಿಸುತ್ತಿದ್ದರು, ಪಾಪ. ಬೇರೆಲ್ಲೂ ಜಾಗ ಸಿಗದ ದಿನಗಳಂದು ಮಾತ್ರ ಎಂದು ಹೇಳುತ್ತ.

ಈ ವಿಷಯವನ್ನು ಡಿ ಜೀವಸತ್ವದ ಜಾಗದಲ್ಲಿ ತಂದುದಕ್ಕೆ ಇನ್ನೊಂದು ಕಾರಣವೂ ಇದೆ. ಕೂಟದ ದೀಪಾವಳಿಯಂದು ನಾವು ಬಾಡಿಗೆಗೆ ಹಿಡಿಯುವ ಸಭಾಂಗಣ ವಸತಿ ಬೀದಿಯ ತುದಿಯಲ್ಲಿದೆ. ಒಳಗೆ ನೂರೈವತ್ತು ಜನ. ಹೊರಗೆ ಎಷ್ಟು ಕಾರುಗಳೆಂದು ಎಣಿಸಿದವರಿಲ್ಲ. ಬಿಸಿಬೇಳೆಭಾತಿನ ಪಾತ್ರೆ ಇಳಿಸಲೆಂದು ಒಂದು ಗಳಿಗೆ ನಿಲ್ಲಿಸಿದ ಗಾಡಿ ಮಂಗಳಾರತಿಯವರೆಗೂ ಅಲ್ಲಿಯೇ ಇದ್ದುದನ್ನು ನಾವೆಲ್ಲರೂ ಕಂಡಿದ್ದೇವೆ. ಮುಂದಿನ ಕಾರ್ಯಕ್ರಮಕ್ಕೆ ಇಬ್ಬರು ಸ್ವಯಂಸೇವಕರು ಹೊರಗೆ ನಿಂತು, ಬಾಗಿಲುಗಳ ಎದುರು ಯಾರೂ ನಿಲ್ಲಿಸದಂತೆ ನೋಡಿಕೊಳ್ಳಬೇಕೆಂದು ಸಮಿತಿಯಲ್ಲಿ ಕೇಳಿಕೊಂಡಿದ್ದೇವೆ. ಮೊದಲ ಪಾಳಿ ನಮ್ಮದೇ. ಟೋರ್ಸ್‌ಹೆಲ್ಲಾ ಕಡೆಯಿಂದ ರೈಲಿಗೆ ಹೋಗುವ ನಾಲ್ಕು ಕನ್ನಡ ಮನೆಗಳವರು ವಾರಕ್ಕೆ ಒಬ್ಬರಂತೆ ಒಂದೇ ಕಾರು ತೆಗೆದು ಶುಲ್ಕದ ಜಾಗದಲ್ಲಿ ನಿಲ್ಲಿಸುವ ಏರ್ಪಾಡನ್ನೂ ಮಾಡಿಕೊಂಡಿದ್ದೇವೆ. ನಾಲ್ಕರಲ್ಲಿ ಹಂಚಿದರೆ ಆ ಶುಲ್ಕ ಫಿಲ್ಟರ್ ಕಾಫಿಯ ಪುಡಿಗಿಂತ ಅಗ್ಗ. ದಾರಿಯಲ್ಲಿ ಕನ್ನಡ ಮಾತಾಡುವುದಕ್ಕೆ ಹದಿನೈದು ನಿಮಿಷ ಸಿಗುತ್ತದೆ. ಸೇರಲಿಚ್ಛಿಸುವವರು ಸಮಿತಿಗೆ ತಿಳಿಸಿ.

ಪುರಸಭೆಯಿಂದ ಮನವಿ ತಲುಪಿದೆಯೆಂಬ ಉತ್ತರ ಬಂದಿದೆ. ಕಂಬ ಇನ್ನೂ ಬಂದಿಲ್ಲ.

ತಂದೆಯವರಿಗೆ ಕಡೆಗೂ ಎಲ್ಲವನ್ನೂ ಹೇಳಿದೆವು, ಬಿಳಿ ಕಾರಿನ ಸಮೇತ. ಬೈಯುತ್ತಾರೆಂದು ಕಾದೆವು. "ಅಷ್ಟು ಚಳಿಯಲ್ಲಿ ಆಯಮ್ಮ ಮೂಲೆವರೆಗೂ ನಡೀತಾರೇನಪ್ಪಾ?" ಎಂದು ಕೇಳಿ, ಎಷ್ಟು ಡಿಗ್ರಿ ಇರುತ್ತದೆಂದು ವಿಚಾರಿಸಿದರು. ಈಗ ಸೋಮವಾರ, ಬುಧವಾರ, ಶುಕ್ರವಾರಗಳಂದು ಫೋನು ಮಾಡಿದರೆ ಅವರ ಮೊದಲ ಪ್ರಶ್ನೆ ನಮ್ಮ ಯೋಗಕ್ಷೇಮದ್ದಲ್ಲ. ಟ್ಯಾಕ್ಸಿ ಬಾಗಿಲವರೆಗೂ ಬಂತೇ ಎಂಬುದು.